ಕೌದಿಯ ಪದರುಗಳೊಳಗಿನ ಇತಿಹಾಸ

‘ಕಂತೆಗೆ ತಕ್ಕ ಬೊಂತೆ’ ಅನ್ನೋ ಗಾದೆ ನೀವೆಲ್ಲ ಕೇಳಿರ್ತೀರಿ. ಒಬ್ಬರಿಗೆ ತಕ್ಕ ಇನ್ನೊಬ್ಬರು ಜೊತೆಯಾದಾಗ ಸ್ವಲ್ಪ ಕೊಂಕು ಬೆರೆಸಿ ಹೇಳುವ ಮಾತು. ಇವತ್ತು ಕಂತೆ ಅಂದರೆ ನಮಗೆ ನೋಟಿನ ಕಂತೆ, ಕಾಗದದ ಕಂತೆ, ಇಲ್ಲವೇ ‘ಅಂತೆ ಕಂತೆ’. ಬೊಂತೆಯಂತೂ ಮಾತಿನಿಂದ ಜಾರಿಯೇ ಹೋಗಿದೆ. ಆದರೆ ಗಾದೆ ಹುಟ್ಟಿದ ಕಾಲಕ್ಕೆ ಇವೆರಡೂ ಕಣ್ಣೆದುರಿಗೆ ಕಾಣುತ್ತಿದ್ದ ವಸ್ತುಗಳು. ಸಂಸ್ಕೃತದ ‘ಕಂಥಾ’ ಅಂದರೆ ಹಳೆ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ಹೊದಿಕೆ. ಬೊಂತೆ ಅಂದರೂ ಹೆಚ್ಚುಕಡಿಮೆ ಅದೇ. ಅಂದರೆ ಗಾದೆಯ ಅರ್ಥ, ಹರಕಿಗೆ ಹರಕು ಜೋಡಿ!

ಇದೇ ವಸ್ತುವಿಗೆ ನಮ್ಮ ಉತ್ತರ ಕರ್ನಾಟಕದ ಕಡೆ ಕೌದಿ ಅಂತೀವಿ. ಮರಾಠಿಯವರಿಗೆ ಅದು ಗೋಧಡಿ, ಬಂಗಾಳಿಗಳಿಗೆ ಕಾಂಥಾ, ಬಿಹಾರದವರಿಗೆ ಸುಜನಿ, ಸಿಂಧ್ ಕಡೆಯವರಿಗೆ ರಲ್ಲಿ. ಉತ್ತರ ಕನ್ನಡದ ಕಾಡಿನ ಸಿದ್ದಿಗಳು ಕವಂದಿ ಅಂತಾರೆ. ಇಷ್ಟೊಂದು ಹೆಸರಿರುವ, ಇಷ್ಟೊಂದು ಮನೆಗಳಲ್ಲಿರುವ ವಸ್ತುವಿನ ಚರಿತ್ರೆ ಬರೆಯೋಣ ಅಂತ ಕೂತರೆ ಒಂದು ವಿಚಿತ್ರ ತೊಡಕು ಎದುರಾಗುತ್ತೆ. ಹಳೆಯ ಕೌದಿಗಳೇ ಸಿಗಲ್ಲ. ರಾಜರ ಜರತಾರಿ ಅಂಗಿ ಪೆಟ್ಟಿಗೆಯಲ್ಲಿ ಉಳಿಯುತ್ತೆ, ಯಾಕಂದರೆ ಅದನ್ನು ದಿನಾ ಉಡಲ್ಲ. ಕೌದಿಯನ್ನು ದಿನಾ ಹಾಸ್ತೀವಿ, ದಿನಾ ಹೊದೀತೀವಿ, ಹರಿದರೆ ತೇಪೆ ಹಾಕ್ತೀವಿ. ತೇಪೆಗೂ ಬಗ್ಗದಿದ್ದರೆ ಅದರ ಮೇಲೊಂದು ಹಳೆ ಸೀರೆ ಹಾಕಿ ಹೊಸ ಕೌದಿ ಮಾಡ್ತೀವಿ. ಹಳೆಯದು ಹೊಸದರ ಹೊಟ್ಟೆಯೊಳಗೆ ಸೇರಿಕೊಳ್ಳುತ್ತೆ.

ಹಾಗಾಗಿ ಕೌದಿಯ ಇತಿಹಾಸ ಅಂದರೆ ಮುಖ್ಯವಾಗಿ ದುರಸ್ತಿಯ ಇತಿಹಾಸ ಅಂತ ನನಗನ್ನಿಸಿದೆ. ಈ ಬರಹದಲ್ಲಿ ಹೇಳಬೇಕು ಅಂತಿರೋದು ಇಷ್ಟೇ. ಇವತ್ತು ಕೌದಿಗೆ ಬೆಲೆ ಬಂದಿದೆ, ಪ್ರದರ್ಶನಗಳಿಗೆ ಹೋಗ್ತಿದೆ. ಸಂತೋಷವೇ. ಆದರೆ ಕೌದಿ ಉಳಿದು ಅದನ್ನು ರಿಪೇರಿ ಮಾಡುವ ಕೈ ಹೋಗಿಬಿಟ್ಟರೆ ಉಳಿದದ್ದೇನು ಅನ್ನೋದು ನನ್ನ ಚಿಂತೆ.

ಹರಕು ಬಟ್ಟೆಯ ಮರ್ಯಾದೆ

ಮೊದಲು ಹಳೆಯ ಕಥೆ. ಚಿಂದಿ ಬಟ್ಟೆಗೆ ನಮ್ಮ ದೇಶದಲ್ಲಿ ಬಡತನದ ಜೊತೆಗೇ ಒಂದು ಮರ್ಯಾದೆಯೂ ಇತ್ತು. ಬೌದ್ಧ ಭಿಕ್ಕುಗಳು ತಿಪ್ಪೆಯಲ್ಲಿ, ಸ್ಮಶಾನದಲ್ಲಿ ಬಿದ್ದ ಬಟ್ಟೆಗಳನ್ನು ಆಯ್ದು, ತೊಳೆದು, ಹೊಲಿದು ಚೀವರ ಮಾಡಿಕೊಳ್ಳುತ್ತಿದ್ದರು. ಒಂದು ಸಲ ಬುದ್ಧ ಮಗಧದ ಗದ್ದೆಗಳನ್ನು, ಅವುಗಳ ನಡುವಿನ ಬದುಗಳನ್ನು ನೋಡಿ, ಚೀವರವನ್ನು ಇದೇ ಮಾದರಿಯಲ್ಲಿ ಹೊಲಿಯೋಕೆ ಆಗುತ್ತಾ ಅಂತ ಆನಂದನನ್ನು ಕೇಳಿದನಂತೆ. ಆನಂದ ಹಾಗೇ ತುಂಡು ಜೋಡಿಸಿ ಹೊಲಿದು ತೋರಿಸಿದ. ಈ ಕಥೆ ವಿನಯ ಪಿಟಕದ ಮಹಾವಗ್ಗದಲ್ಲಿದೆ. ತುಂಡು ಬಟ್ಟೆ ಜೋಡಿಸುವ ಕೆಲಸಕ್ಕೆ ಗದ್ದೆಯ ನಕ್ಷೆ! ಬದು ಬದುವಾಗಿ ಸಾಲು ಹಾಕಿದ ಕೌದಿಯನ್ನು ಅಂಗಳದಲ್ಲಿ ಹರವಿದಾಗ ನೋಡಿ, ಆ ಹೋಲಿಕೆ ಎಷ್ಟು ಸಹಜ ಅಂತ ಗೊತ್ತಾಗುತ್ತೆ.

ಈ ಪದ್ಧತಿ ಬೌದ್ಧರ ಜೊತೆ ದೂರ ದೂರಕ್ಕೂ ಹೋಯಿತು. 1907ರಲ್ಲಿ ಆರೆಲ್ ಸ್ಟೈನ್ ಚೀನಾದ ದುನ್‌ಹುವಾಂಗ್ ಗುಹೆಯಿಂದ ತಂದ ವಸ್ತುಗಳಲ್ಲಿ ರೇಷ್ಮೆಯ ತುಂಡುಗಳನ್ನು ಜೋಡಿಸಿ ಹೊಲಿದ ದೊಡ್ಡ ಬಟ್ಟೆಯೊಂದಿದೆ. ಅದು 8–9ನೇ ಶತಮಾನದ್ದು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನಮ್ಮಲ್ಲೇ ನೋಡಿದರೆ 12ನೇ ಶತಮಾನದ ಶರಣೆ ಬೊಂತಾದೇವಿ ಇದ್ದಾಳೆ. ‘ಬಿಡಾಡಿ’ ಅನ್ನೋ ಅಂಕಿತದಲ್ಲಿ ವಚನ ಬರೆದವಳು. ಕಾಶ್ಮೀರದ ರಾಜಕುಮಾರಿ ಎಲ್ಲ ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು ಕಲ್ಯಾಣದ ಕಡೆ ಹೊರಟಾಗ ಶಿವ ಅವಳಿಗೆ ಹೊದೆಯಲು ಬೊಂತೆ ಕೊಟ್ಟ, ಅದರಿಂದ ಬೊಂತಾದೇವಿ ಅಂತ ಹೆಸರಾಯಿತು ಅಂತ ಐತಿಹ್ಯ. ಕಥೆ ಎಷ್ಟು ನಿಜ ಅನ್ನೋದು ಬೇರೆ ಮಾತು. ರೇಷ್ಮೆ ಬಿಟ್ಟವಳಿಗೆ ಶಿವ ಕೊಟ್ಟದ್ದು ಪೀತಾಂಬರವನ್ನಲ್ಲ, ಬೊಂತೆಯನ್ನು ಅಂತ ಜನ ಕಥೆ ಕಟ್ಟಿದರಲ್ಲ, ಅದು ಮುಖ್ಯ.

ಇದರ ಜೊತೆಗೇ ಇನ್ನೊಂದು ದಾರಿಯೂ ಇತ್ತು. ಅದು ಶ್ರೀಮಂತರ ಹೊದಿಕೆಯ ದಾರಿ. 16ನೇ ಶತಮಾನದ ಆರಂಭದಲ್ಲಿ ಭಾರತದಲ್ಲಿದ್ದ ಪೋರ್ಚುಗೀಸ್ ದುವಾರ್ತೆ ಬಾರ್ಬೋಸ ಖಂಭಾತಿನಲ್ಲಿ ತಯಾರಾಗುತ್ತಿದ್ದ ಚೆಂದದ ಹೊದಿಕೆಗಳ ಬಗ್ಗೆ ಬರೆದಿದ್ದಾನೆ. ಆಮೇಲೆ ಬಂಗಾಳದ ಸಾತಗಾಂವ್ ಕಡೆಯಿಂದ ಹಳದಿ ರೇಷ್ಮೆ ನೂಲಿನಲ್ಲಿ ಬೇಟೆ, ಹಡಗು, ಪುರಾಣದ ಚಿತ್ರಗಳನ್ನು ಹೊಲಿದ ಹೊದಿಕೆಗಳು ಲಿಸ್ಬನ್ನಿಗೆ ಹೋದವು. ಪೋರ್ಚುಗೀಸರು ಇದಕ್ಕೆ ‘ಕೋಲ್ಚಾ’ ಅಂತಿದ್ದರು. ಇಂಗ್ಲಿಷಿನ ‘ಕ್ವಿಲ್ಟ್’ ಕೂಡ ಅದೇ ಲ್ಯಾಟಿನ್ ಬೇರಿನ ಮಾತು. ಅವು ಹೊಸ ಬಟ್ಟೆಯಲ್ಲಿ, ಮಾರೋದಕ್ಕೆ ಅಂತಲೇ ಮಾಡಿದವು. ಅದಕ್ಕೇ ಇವತ್ತಿಗೂ ಯುರೋಪು, ಅಮೆರಿಕದ ಮ್ಯೂಸಿಯಂಗಳಲ್ಲಿ ಭದ್ರವಾಗಿವೆ. ಅದೇ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಹೊಲಿದ ಒಂದು ಕೌದಿಯಾದರೂ ಉಳಿದಿರೋ ಸಾಧ್ಯತೆ ಇಲ್ಲ. ಅವುಗಳನ್ನು ಜನ ಹೊದ್ದು ಮುಗಿಸಿದರು.

ಹತ್ತಿಯ ನಾಡಿನಲ್ಲಿ ಹತ್ತಿಯಿಲ್ಲದ ಹೊದಿಕೆ

ಈಗ ನಮ್ಮ ಧಾರವಾಡ, ಗದಗ ಸೀಮೆಗೆ ಬರೋಣ. ಇಲ್ಲಿಯ ಕೌದಿಯಲ್ಲಿ ಒಂದು ವಿಶೇಷ ಇದೆ. ಎರಡು ಬಟ್ಟೆಗಳ ನಡುವೆ ಅರಳೆ ತುಂಬಿ ಹೊಲಿದರೆ ಅದು ರಜಾಯಿ. ನಮ್ಮ ಕೌದಿಯಲ್ಲಿ ಅರಳೆ ಇಲ್ಲ. ಮೇಲೂ ಹಳೆ ಬಟ್ಟೆ, ಕೆಳಗೂ ಹಳೆ ಬಟ್ಟೆ, ನಡುವೆಯೂ ಹಳೆ ಬಟ್ಟೆ. ಎರಿ ಭೂಮಿ, ಅಂದರೆ ಹತ್ತಿ ಬೆಳೆಯುವ ಕಪ್ಪು ಮಣ್ಣಿನ ನಾಡಲ್ಲಿ ಹೊದಿಕೆಗೆ ಹತ್ತಿ ಇಲ್ಲ!

ಯಾಕೆ? ಹತ್ತಿ ಮಾರುವ ಮಾಲು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆತಂದು, ಅಲ್ಲಿಯ ಬೀಜವನ್ನು ಇಲ್ಲಿ ಬಿತ್ತಿಸಿ ನೋಡಿದರು. ಬೇರೆ ಕಡೆ ಸೋತ ಆ ಬೀಜ ಧಾರವಾಡ ಸೀಮೆಯಲ್ಲಿ ಹತ್ತಿತು. ‘ಧಾರವಾಡ–ಅಮೆರಿಕನ್’ ಅಂತಲೇ ಆ ಹತ್ತಿಗೆ ಪೇಟೆಯಲ್ಲಿ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರೋದು ನಿಂತು, ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದರಲ್ಲ, ಅದರ ಹಿಂದೆ ಈ ಹತ್ತಿಯನ್ನು ಕಾರವಾರ ಬಂದರಿನ ಮೂಲಕ ಸಾಗಿಸುವ ಲೆಕ್ಕಾಚಾರವೂ ಇತ್ತು.

ಹೊಲದ ಹತ್ತಿ ಗಾಡಿ ಹತ್ತಿ ಬಂದರಿಗೆ ಹೋಯಿತು, ಹಡಗಿನಲ್ಲಿ ಲಂಕಾಶೈರಿಗೆ ಹೋಯಿತು, ಬಟ್ಟೆಯಾಗಿ ವಾಪಸ್ ಬಂತು. ಅದನ್ನು ದುಡ್ಡು ಕೊಟ್ಟು ಕೊಂಡು, ಉಟ್ಟು, ಹರಿದ ಮೇಲೆ ಕೌದಿಯಾಯಿತು. ಅಂದರೆ ಹತ್ತಿ ಬಿಡಿಸಿದ ಹೆಣ್ಣುಮಗಳ ಹಾಸಿಗೆಗೆ ಅದೇ ಹತ್ತಿ ಬರಬೇಕಾದರೆ ಅರ್ಧ ಭೂಮಿ ಸುತ್ತಿ, ಒಂದು ಸೀರೆಯ ಆಯುಷ್ಯ ಕಳೆದು ಬರಬೇಕಿತ್ತು! ನಮ್ಮ ದೇಶದಲ್ಲೇ ಮುಂಬಯಿಯಲ್ಲಿ 1850ರ ದಶಕದಲ್ಲಿ, ಸೊಲ್ಲಾಪುರದಲ್ಲಿ 1870ರ ದಶಕದಲ್ಲಿ, ಗೋಕಾಕದಲ್ಲಿ 1880ರ ದಶಕದಲ್ಲಿ ಗಿರಣಿಗಳು ಶುರುವಾದ ಮೇಲೆ ಈ ಸುತ್ತು ಸ್ವಲ್ಪ ಚಿಕ್ಕದಾಯಿತು, ಅಷ್ಟೇ.

ಲೆಕ್ಕ ಹಾಕಿ ನೋಡೋಣ

ಒಂದು ಕೌದಿ ಅಂದರೆ ಎಷ್ಟು ಕೆಲಸ ಅನ್ನೋದನ್ನು ನಾನು ಒಂದು ಸಲ ಕಾಗದದ ಮೇಲೆ ಲೆಕ್ಕ ಹಾಕಿದೆ. ನೀವೂ ನೋಡಿ.

ನಮ್ಮ ಕಡೆ ಹಿಂದಿನವರು ಉಡುತ್ತಿದ್ದದ್ದು ಒಂಬತ್ತು ಗಜದ ಸೀರೆ, ಅಂದರೆ ಹದಿನೆಂಟು ಮೊಳ. ಮೀಟರಿನಲ್ಲಿ ಎಂಟಕ್ಕಿಂತ ಸ್ವಲ್ಪ ಹೆಚ್ಚು. ಅದನ್ನು ನಾಲ್ಕು ತುಂಡು ಮಾಡಿದರೆ ಒಂದೊಂದು ಎರಡು ಮೀಟರ್ ಉದ್ದ. ಅಗಲ ಸುಮಾರು 1.2 ಮೀಟರ್ ಅಂತ ಹಿಡಿಯಿರಿ. ಎರಡು ತುಂಡು ಪಕ್ಕಪಕ್ಕ ಸೇರಿಸಿದರೆ ಇಬ್ಬರು ಮಲಗುವಷ್ಟು ದೊಡ್ಡ ಕೌದಿಗೆ ಒಂದು ಪದರು. ಅಂದರೆ ಒಂದು ಸೀರೆಯಲ್ಲಿ ಎರಡು ಪದರು, ನಾಲ್ಕು ಸೀರೆಗೆ ಎಂಟು ಪದರು.

ಪದರುಗಳನ್ನು ಗುಡಿಯ ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಸುಕ್ಕಿಲ್ಲದಂತೆ ಹಾಸಿ, ಮೂಲೆಗಳಿಗೆ ಕಲ್ಲು ಇಟ್ಟು, ದೂರ ದೂರ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ಆಮೇಲೆ ಅಸಲು ಹೊಲಿಗೆ. ಸೂಜಿ ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ ಸಾಲಾಗಿ ಓಡಬೇಕು. ಸಾಲಿಗೂ ಸಾಲಿಗೂ ನಡುವೆ ಒಂದು ಬೆರಳು ಅಗಲ, ಅಂದರೆ ಸುಮಾರು ಎರಡು ಸೆಂಟಿಮೀಟರ್ ಬಿಟ್ಟರೂ 120 ಸಾಲು ಬೇಕು. ಸಾಲೊಂದು ಎರಡು ಮೀಟರ್ ಅಂದರೆ ಒಟ್ಟು 240 ಮೀಟರ್ ಹೊಲಿಗೆ. ದಾರ ಜೋಡಿ ಎಳೆ, ಹಾಗಾಗಿ ಅರ್ಧ ಕಿಲೋಮೀಟರ್ ದಾರ. ಒಂದೊಂದು ಹೊಲಿಗೆಗೂ ಒಂದೂವರೆ ಸೆಂಟಿಮೀಟರ್ ಅಂತ ಹಿಡಿದರೆ 16,000 ಹೊಲಿಗೆ. ಪ್ರತಿಯೊಂದೂ ಎಂಟು ಪದರಿನ ಮೂಲಕ! ಯಾವುದಾದರೂ ಪ್ರದರ್ಶನದಲ್ಲಿ ಕೌದಿಯ ಬೆಲೆ ಕೇಳಿ ‘ಹಳೆ ಬಟ್ಟೆಗೆ ಇಷ್ಟಾ?’ ಅಂತ ಚೌಕಾಸಿ ಮಾಡೋ ಮನಸ್ಸಾದರೆ ದಯವಿಟ್ಟು ಈ ಸಂಖ್ಯೆ ನೆನಪು ಮಾಡಿಕೊಳ್ಳಿ.

ಇಷ್ಟು ಹೊಲಿಗೆ ಯಾಕೆ ಬೇಕು? ಹಳೆ ಬಟ್ಟೆಗೆ ಕಸುವಿಲ್ಲ. ಒಂದೊಂದು ಪದರನ್ನೂ ಬೇರೆ ಬೇರೆ ಎಳೆದರೆ ಹರಿದುಹೋಗುತ್ತೆ. ಸಾಲು ಹೊಲಿಗೆ ಬಿದ್ದ ಮೇಲೆ ಎಳೆತ ಎಂಟೂ ಪದರಿಗೆ ಹಂಚಿಹೋಗುತ್ತೆ. ಪದರುಗಳ ನಡುವೆ ಸಿಕ್ಕ ಗಾಳಿ ಬೆಚ್ಚಗಿಡುತ್ತೆ. ಒಟ್ಟಿನಲ್ಲಿ ಒಂಟಿಯಾಗಿ ನಿಲ್ಲಲಾರದ ಎಂಟು ಬಟ್ಟೆ ಸೇರಿ ಹತ್ತಿಪ್ಪತ್ತು ವರ್ಷ ಬಾಳುತ್ತವೆ.

ಎಲ್ಲ ಮನೆಗಳಲ್ಲೂ ಮನೆಯವರೇ ಹೊಲಿಯುತ್ತಿದ್ದರು ಅಂತೇನಿಲ್ಲ. ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಗೊಂದಲಿಗರ ಹೆಂಗಸರು ಬರುತ್ತಿದ್ದರು. ‘ಕೌದಿ ಹೊಲಿಸ್ತೀರೇನ್ರೀ ಯವ್ವಾ’ ಅಂತ ಓಣಿಯಲ್ಲಿ ಕೂಗು ಬಿದ್ದರೆ ಬಟ್ಟೆ ಗಂಟುಗಳು ಅಟ್ಟದಿಂದ ಇಳಿಯುತ್ತಿದ್ದವು. ಕೂಲಿ ಜೋಳ, ಬುತ್ತಿ, ಒಂದಿಷ್ಟು ರೊಕ್ಕ. ಮನೆಯ ಹೆಂಗಸರೂ ಜೊತೆಗೆ ಕೂತು ಒಂದೆರಡು ಸಾಲು ಎಳೆಯುತ್ತಿದ್ದರು. ನಮ್ಮಜ್ಜಿ ಕೌದಿ ಮುಗಿಯುವ ಹೊತ್ತಿಗೆ ನಟ್ಟನಡುವೆ ಒಂದು ಸಣ್ಣ ಚೌಕ ತುಂಡು ಇಟ್ಟು, ಅದರ ಕೆಳಗೆ ರೊಟ್ಟಿಯ ಚೂರೊಂದನ್ನು ಸೇರಿಸಿ ಹೊಲಿಸುತ್ತಿದ್ದಳು. ‘ಹೊಟ್ಟಿ ಖಾಲಿ ಇಟ್ಟು ಮುಚ್ಚಬಾರ್ದು’ ಅನ್ನೋದು ಅವಳ ನಿಯಮ.

ಹರಿದ ಮೂಲೆಯಲ್ಲಿ ಕಂಡದ್ದು

ಆ ಅಜ್ಜಿಯ ಕಾಲದ ಕೌದಿಯೊಂದು ಈಗಲೂ ಬೆಂಗಳೂರಿನ ನಮ್ಮ ಮನೆಯಲ್ಲಿದೆ. ಅದರ ಒಂದು ಮೂಲೆ ಹರಿದಾಗ ದುರಸ್ತಿಗೆ ಅಂತ ಅವ್ವ ನಾಲ್ಕು ಬೆರಳಿನಷ್ಟು ಹೊಲಿಗೆ ಬಿಚ್ಚಿದಳು. ಪದರುಗಳು ಒಂದೊಂದಾಗಿ ಕಂಡವು. ಅವ್ವ ಬೆರಳಿಟ್ಟು ಹೇಳುತ್ತಾ ಹೋದಳು, ನಾನು ಬರೆದುಕೊಳ್ಳುತ್ತಾ ಹೋದೆ.

ಎಲ್ಲಕ್ಕಿಂತ ಮೇಲೆ ಹೂವಿನ ಪಾಲಿಯೆಸ್ಟರ್ ಸೀರೆ, ಅವ್ವ 1990ರ ಸುಮಾರಿಗೆ ಉಟ್ಟದ್ದು. ಅದರ ಕೆಳಗೆ ಗಿರಣಿಯ ತೆಳು ವಾಯಿಲ್ ಸೀರೆ. ಅದರ ಕೆಳಗೆ ಇಳಕಲ್ ಸೀರೆಯ ಒಡಲು, ಕರಿ ಬಣ್ಣ ಮಾಸಿ ಬೂದಿಯಾಗಿತ್ತು. ಸೆರಗು ಮಾತ್ರ ಇರಲಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸಿರುತ್ತಾರೆ. ಹತ್ತಿಯ ಒಡಲು ಗಟ್ಟಿ, ಸೆರಗಿನ ಕೃತಕ ರೇಷ್ಮೆ ಅಷ್ಟು ಬಾಳಲ್ಲ. ಹಾಗಾಗಿ ಕೌದಿಗೆ ಬರೋದು ಒಡಲು. ಅದಕ್ಕೂ ಕೆಳಗೆ ಒಂದು ಒರಟು ಬಟ್ಟೆ. ‘ಇದು ಕಂಟ್ರೋಲ್ ಬಟ್ಟಿ ಇರಬೇಕು, ನಿಮ್ಮಜ್ಜಿ ಹೇಳ್ತಿದ್ಳು’ ಅಂದಳು ಅವ್ವ.

ಆ ಒಂದು ಮಾತಿನ ಹಿಂದೆ ಒಂದು ಮಹಾಯುದ್ಧ ಇದೆ. ಎರಡನೇ ಮಹಾಯುದ್ಧದಲ್ಲಿ ಗಿರಣಿಗಳ ಬಟ್ಟೆ ಸೈನ್ಯಕ್ಕೆ ಹೋಗಿ, ಪೇಟೆಯಲ್ಲಿ ಬಟ್ಟೆ ಬೆಲೆ ಗಗನಕ್ಕೇರಿದಾಗ 1943ರಲ್ಲಿ ಸರ್ಕಾರ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ಆಜ್ಞೆ ತಂತು. ಗೊತ್ತುಮಾಡಿದ ಬೆಲೆಗೆ ಮಾರುವ ಬಟ್ಟೆಗೆ ಜನ ಕಂಟ್ರೋಲ್ ಬಟ್ಟೆ ಅಂದರು. ಅಂಥ ಕಾಲದಲ್ಲಿ ಹೊಸ ಹೊದಿಕೆ ಎಲ್ಲಿಂದ ಬರಬೇಕು? ಇದ್ದದ್ದಕ್ಕೇ ತೇಪೆ ಹಾಕಬೇಕಿತ್ತು.

ಮೇಲಿನ ಪಾಲಿಯೆಸ್ಟರಿಗೂ ಒಂದು ಇತಿಹಾಸ ಇದೆ. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಅದು ವರ್ಷ ಮೀರಿ ಎಳೆಯಿತು, ಎಷ್ಟೋ ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಅದೇ 1982ರಲ್ಲಿ ಪಾತಾಳಗಂಗೆಯಲ್ಲಿ ರಿಲಯನ್ಸ್‌ನ ಪಾಲಿಯೆಸ್ಟರ್ ನೂಲಿನ ಕಾರ್ಖಾನೆ ಶುರುವಾಯಿತು. 1985ರ ಜವಳಿ ನೀತಿ ಕೃತಕ ನೂಲಿಗೆ ದಾರಿ ಅಗಲ ಮಾಡಿತು. ಇಸ್ತ್ರಿ ಬೇಡ, ಬೇಗ ಒಣಗುತ್ತೆ, ಬಣ್ಣ ಹೋಗಲ್ಲ, ಬೆಲೆಯೂ ಕಡಿಮೆ. ಹಳ್ಳಿಯ ಹೆಂಗಸರು ಅದನ್ನು ಮೆಚ್ಚಿದ್ದರಲ್ಲಿ ತಪ್ಪೇನಿಲ್ಲ. ಒದ್ದೆ ಹತ್ತಿ ಸೀರೆಯ ಭಾರ ಹಿಂಡಿದವರಿಗೇ ಗೊತ್ತು.

ಆದರೆ ಕೌದಿಗೆ ಇದು ಹೊಂದಲಿಲ್ಲ. ಹತ್ತಿ ಬೆವರು ಹೀರುತ್ತೆ, ತೊಳೆದಷ್ಟೂ ಮೆತ್ತಗಾಗುತ್ತೆ. ಪಾಲಿಯೆಸ್ಟರ್ ಎರಡೂ ಮಾಡಲ್ಲ. ಕತ್ತರಿಸಿದ ಅಂಚು ಎಳೆ ಬಿಡುತ್ತೆ, ಪದರು ಪದರಿನ ಮೇಲೆ ಜಾರುತ್ತೆ. ಇನ್ನೂ ಒಂದು ವಿಷಯವನ್ನು ಅವ್ವ ತೋರಿಸಿಕೊಟ್ಟಳು. ಮೊದಲೆಲ್ಲ ಕೌದಿಯಲ್ಲಿ ಮೊದಲು ಸವೆಯುತ್ತಿದ್ದದ್ದು ಬಟ್ಟೆ, ಹೊಲಿಗೆ ಉಳಿದಿರುತ್ತಿತ್ತು. ಈಗ ಮೇಲಿನ ಪಾಲಿಯೆಸ್ಟರ್ ಹಾಗೇ ಹೊಳೀತಾ ಇದೆ, ಹತ್ತಿಯ ದಾರ ಕಡಿದುಹೋಗಿದೆ. ಹರಿಯದ ಬಟ್ಟೆಗೆ ತೇಪೆ ಹಾಕೋದು ಹೇಗೆ?

ಕಾಡಿನ ಕವಂದಿ

ಕೌದಿಯ ಬಗ್ಗೆ ಬರೆದು ಸಿದ್ದಿಗಳ ಕವಂದಿ ಬಿಟ್ಟರೆ ಆಗಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸುತ್ತಿನ ಕಾಡಂಚಿನ ಹಳ್ಳಿಗಳಲ್ಲಿ ಬಾಳುತ್ತಿರುವ ಸಿದ್ದಿಗಳ ಹಿರಿಯರು ಆಫ್ರಿಕಾದವರು. ಪೋರ್ಚುಗೀಸರ ಗೋವಾದಲ್ಲಿ ಗುಲಾಮರಾಗಿದ್ದ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇವತ್ತು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂರೂ ಕಡೆ ಕವಂದಿ ಇದೆ.

ಕವಂದಿ ಹೊಲಿಯುವ ಕ್ರಮವೇ ಬೇರೆ. ಹಳೆ ಸೀರೆಯನ್ನು ತಳಕ್ಕೆ ಹಾಸಿ, ಅಂಚಿನಿಂದ ಶುರು ಮಾಡ್ತಾರೆ. ಬಟ್ಟೆಯ ತುಂಡಿನ ಅಂಚನ್ನು ಮಡಚಿ ಇಟ್ಟು, ತಳದವರೆಗೂ ಸೂಜಿ ಇಳಿಸಿ ಹೊಲಿಯುತ್ತಾ ಪಕ್ಕದಲ್ಲಿ ಮುಂದಿನ ತುಂಡು ಇಡ್ತಾರೆ. ಹೀಗೆ ಸುತ್ತು ಬರುತ್ತಾ ನಡುವಿಗೆ ಸೇರ್ತಾರೆ. ತುಂಡು ಜೋಡಿಸೋದು, ಪದರು ಹಿಡಿಸೋದು ಎರಡೂ ಒಂದೇ ಹೊಲಿಗೆಯಲ್ಲಿ ಆಗಿಬಿಡುತ್ತೆ. ಮೊದಲೇ ಬರೆದಿಟ್ಟ ನಕ್ಷೆ ಇಲ್ಲ, ಕೈಗೆ ಸಿಕ್ಕ ತುಂಡು ಮುಂದಿನ ಬಣ್ಣವನ್ನು ಹೇಳುತ್ತೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ‘ಫುಲಾ’ ಅಂದರೆ ಹೂವು ಕೂರಿಸಬೇಕು. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ 2004ರ ಸುಮಾರಿನಿಂದ ಇವರ ನಡುವೆ ಓಡಾಡಿ, ಕವಂದಿಗಳ ಬಗ್ಗೆ ಪುಸ್ತಕ ಬರೆದರು. ಮಹಿಳೆಯರದೇ ಒಂದು ಸಹಕಾರ ಗುಂಪು ಕಟ್ಟೋದಕ್ಕೂ ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಈ ಕವಂದಿಗಳ ಪ್ರದರ್ಶನ ನಡೆಯಿತು. ಈಗ ಅಮೆರಿಕ, ಇಂಗ್ಲೆಂಡುಗಳ ಹೊಲಿಗೆ ಕೂಟಗಳಲ್ಲಿ ಈ ವಿಧಾನವನ್ನು ‘ಕವಂದಿ’ ಅನ್ನೋ ಹೆಸರಲ್ಲೇ ಕಲಿಸ್ತಾರೆ. ನಮ್ಮ ಕಾಡಿನ ಒಂದು ಮಾತು ಅಷ್ಟು ದೂರ ಹೋಗಿದೆ ಅನ್ನೋದು ಹೆಮ್ಮೆಯ ವಿಷಯವೇ.

ಬಂಗಾಳದ ಕಾಂಥಾಕ್ಕೆ ಈ ಗೌರವ ಬಹಳ ಮೊದಲೇ ಸಿಕ್ಕಿತ್ತು. ಐಸಿಎಸ್ ಅಧಿಕಾರಿಯಾಗಿದ್ದ ಗುರುಸದಯ್ ದತ್ತ ಹಳ್ಳಿಹಳ್ಳಿಗಳಿಂದ ಕಾಂಥಾಗಳನ್ನು ಸಂಗ್ರಹಿಸಿದರು. 1929ರಲ್ಲಿ ಕವಿ ಜಸೀಮುದ್ದೀನ್ ಅದರ ಹೆಸರಲ್ಲೇ ಒಂದು ಕಥನ ಕಾವ್ಯ ಬರೆದರು. 1939ರಲ್ಲಿ ಸ್ಟೆಲ್ಲಾ ಕ್ರಾಮ್ರಿಶ್ ಅದರ ಮೇಲೆ ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಆನೆ, ತಾವರೆ, ರಥ, ಮೀನಿನ ಚಿತ್ರಗಳಿದ್ದವು, ಅವು ಕಣ್ಣಿಗೆ ಬಿದ್ದವು. ನಮ್ಮ ಕೌದಿಯಲ್ಲಿ ಚಿತ್ರ ಇಲ್ಲ. ಸಾಲು, ಸಾಲು, ಮತ್ತೆ ಸಾಲು. ಸಂಗ್ರಾಹಕರ ಕಣ್ಣಿಗೆ ಬೀಳೋದಕ್ಕೆ ಏನಿತ್ತು ಹೇಳಿ!

ಹೊದೆಯದ ಕೌದಿ

ನಮ್ಮ ಮನೆಯ ಕೌದಿಯನ್ನು ನೋಡಿದ ಪರಿಚಯಸ್ಥರೊಬ್ಬರು, ಹಳೆ ವಸ್ತುಗಳ ಬಗ್ಗೆ ಆಸ್ಥೆ ಇರುವವರು, ‘ದಯವಿಟ್ಟು ಇದಕ್ಕೆ ಸೂಜಿ ತಾಗಿಸಬೇಡಿ, ಹೀಗೇ ಇಡಿ, ಗಾಜಿನ ಚೌಕಟ್ಟು ಹಾಕಿಸಿ’ ಅಂದರು. ಅವರು ಹೇಳಿದ್ದರಲ್ಲಿ ನ್ಯಾಯ ಇದೆ. ಮ್ಯೂಸಿಯಂಗಳ ನಿಯಮವೂ ಅದೇ, ವಸ್ತು ಸಿಕ್ಕ ಸ್ಥಿತಿಯಲ್ಲೇ ಉಳಿಯಬೇಕು. ಎರಡು ದಿನ ನನಗೂ ಅದೇ ಸರಿ ಅನ್ನಿಸಿತ್ತು. ಅವ್ವನಿಗೆ ಹೇಳಿದರೆ, ‘ಹೊಚ್ಕೊಳ್ಳಾಕ ಬರದ ಕೌದಿ ತಗೊಂಡು ಏನ್ಮಾಡ್ತೀಯೋ?’ ಅಂದಳು.

ಯೋಚನೆ ಮಾಡಿದಷ್ಟೂ ಅವ್ವನ ಮಾತೇ ಹೆಚ್ಚು ಇತಿಹಾಸ ಬಲ್ಲವರ ಮಾತು ಅನ್ನಿಸಿತು. ಕಂಟ್ರೋಲ್ ಕಾಲದ ಬಟ್ಟೆ ಇವತ್ತಿನವರೆಗೆ ಉಳಿದದ್ದು ಯಾರೋ ಅದನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿ ಇಟ್ಟರು ಅಂತಲ್ಲ. ಮೇಲೆ ಇಳಕಲ್ ಸೀರೆ ಹಾಕಿದರು, ಅದರ ಮೇಲೆ ವಾಯಿಲ್ ಹಾಕಿದರು, ಹಾಗಾಗಿ ಉಳಿಯಿತು. ಅಜ್ಜಿಯ ಕಾಲದಲ್ಲೇ ಯಾರಾದರೂ ‘ಸೂಜಿ ತಾಗಿಸಬೇಡಿ’ ಅಂದಿದ್ದರೆ ನನ್ನ ಕೈಗೆ ಆ ಪದರು ಬರುತ್ತಲೇ ಇರಲಿಲ್ಲ.

ಮಾರಾಟಕ್ಕೆ ಹೊಲಿಯುವುದರ ಬಗ್ಗೆ ನನ್ನ ತಕರಾರಿಲ್ಲ. ಸಿದ್ದಿ ಹೆಂಗಸರಿಗೆ, ಊರೂರು ತಿರುಗಿ ಹೊಲಿಯುತ್ತಿದ್ದವರ ಮಕ್ಕಳಿಗೆ ಅದರಿಂದ ನಾಲ್ಕು ಕಾಸು ಬಂದರೆ ಅದು ಇಷ್ಟು ವರ್ಷದ ಬಾಕಿ ಅಂತಲೇ ತಿಳಿಯೋಣ. ಆದರ್ಶದ ಹೆಸರಲ್ಲಿ ‘ನೀವು ಹಳೆ ಸೀರೆಯಲ್ಲೇ, ಮನೆಗಾಗಿಯೇ ಹೊಲಿಯಿರಿ’ ಅಂತ ಅವರಿಗೆ ಪಾಠ ಹೇಳೋದು ಹೊಟ್ಟೆ ತುಂಬಿದವರ ಮಾತು. ಆದರೆ ಕೊಂಡವರು ಅದನ್ನು ಗೋಡೆಗೆ ಹಾಕಿ ಸುಮ್ಮನಾದರೆ, ಹರಿದ ದಿನ ಹೊಸದು ತಂದರೆ, ಕೌದಿಯ ಅರ್ಧ ವಿದ್ಯೆ ಅಲ್ಲಿಗೇ ನಿಲ್ಲುತ್ತೆ. ಹೊಲಿಯೋದನ್ನು ಕಲಿಸುವವರು ಈಗ ಸಿಗ್ತಾರೆ, ರಿಪೇರಿ ಕಲಿಸುವವರು ಅಪರೂಪ.

ಅದಕ್ಕೇ ಅವ್ವನ ಪಕ್ಕ ಕೂತು ಕಲಿತದ್ದನ್ನು ಇಲ್ಲಿ ಬರೆದಿಡ್ತೀನಿ, ಯಾರಿಗಾದರೂ ಉಪಯೋಗಕ್ಕೆ ಬರಲಿ.

ದುರಸ್ತಿಗೆ ಮೊದಲು ಕೌದಿಯನ್ನು ತೊಳೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಬೇಕು. ನಮ್ಮ ಕಡೆ ಮಹಾನವಮಿಗೆ ಮುಂಚೆ ಮನೆಯ ಹಾಸಿಗೆಯೆಲ್ಲ ಹಳ್ಳಕ್ಕೆ ಹೊತ್ತು ಒಗೆಯುವ ರೂಢಿ ಇದ್ದದ್ದು ಇದಕ್ಕೂ ಅನುಕೂಲವಾಗಿತ್ತು. ಒಗೆದಾಗ ಎಲ್ಲಿ ಹರಿದಿದೆ ಅಂತ ಗೊತ್ತಾಗುತ್ತೆ. ಸಾಮಾನ್ಯವಾಗಿ ಮೊದಲು ಹೋಗೋದು ತಲೆಯ ಕಡೆಯ ಅಂಚು, ಎಣ್ಣೆ ಬೆವರು ತಾಗುವ ಜಾಗ. ಆಮೇಲೆ ಕಾಲಿನ ಕಡೆಯದು.

ತೇಪೆಗೆ ಯಾವಾಗಲೂ ಹಳೆ ಬಟ್ಟೆಯೇ ಬೇಕು. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗಿ, ಸುತ್ತಲಿನ ಬಡಪಾಯಿ ಬಟ್ಟೆಯನ್ನು ಎಳೆದು ಹರಿಯುತ್ತೆ. ದಾರವೂ ಮೆತ್ತಗಿನ ಹತ್ತಿಯದೇ ಇರಲಿ, ನೈಲಾನ್ ದಾರ ಹಳೆ ಬಟ್ಟೆಯನ್ನು ಕೊಯ್ಯುತ್ತೆ. ತೂತಿಗಿಂತ ತೇಪೆ ಎಲ್ಲ ಕಡೆಯೂ ಮೂರು ನಾಲ್ಕು ಬೆರಳು ದೊಡ್ಡದಿರಬೇಕು, ಗಟ್ಟಿ ಜಾಗ ಸಿಗುವವರೆಗೂ ಹೋಗಬೇಕು. ಹರಿದ ಅಂಚನ್ನು ಕತ್ತರಿಸಬಾರದು, ಒಳಕ್ಕೆ ಮಡಚಬೇಕು. ಹೊಲಿಗೆ ಮೇಲಿನ ಪದರಿಗಷ್ಟೇ ಹಾಕಿದರೆ ಪ್ರಯೋಜನ ಇಲ್ಲ, ತಳದವರೆಗೂ ಇಳಿಯಬೇಕು, ಹಳೆಯ ಸಾಲಿನ ದಿಕ್ಕಿನಲ್ಲೇ ಓಡಬೇಕು. ಕೌದಿ ಪೂರ್ತಿ ತೆಳುವಾಗಿದ್ದರೆ ಮೇಲೊಂದು ಕೆಳಗೊಂದು ಸೀರೆ ಹಾಕಿ ಮತ್ತೆ ಉದ್ದಕ್ಕೂ ಸಾಲು ಎಳೆಯೋದು. ಆಗ ಅದು ಭಾರವಾಗುತ್ತೆ, ಹಾಸೋದಕ್ಕೆ ಒಳ್ಳೆಯದು.

ಅದಕ್ಕೂ ಬರದಿದ್ದರೆ ಕೌದಿಗೆ ಬಡ್ತಿಯ ಬದಲು ಹಿಂಬಡ್ತಿ! ಚೆನ್ನಾಗಿರುವ ಭಾಗ ತೊಟ್ಟಿಲಿಗೆ. ಅಷ್ಟು ಮೆತ್ತಗಿನ ಬಟ್ಟೆ ಕೂಸಿಗೆ ಹೊಸದರಲ್ಲಿ ಎಲ್ಲಿ ಸಿಗಬೇಕು? ಉಳಿದದ್ದು ಕಾಳು ಒಣಗಿಸೋದಕ್ಕೆ, ಚಕ್ಕಡಿಯಲ್ಲಿ ಹಾಸೋದಕ್ಕೆ, ಚಳಿಯಲ್ಲಿ ಎತ್ತಿನ ಬೆನ್ನಿಗೆ. ಕೊನೆಗೆ ನೆಲ ಒರೆಸೋದಕ್ಕೆ. ಬಿಸಾಡುವ ಹಂತ ಅಂತ ಒಂದು ಬರುತ್ತಲೇ ಇರಲಿಲ್ಲ.

ಒಂದು ಕೆಲಸ ಮಾತ್ರ ನಮ್ಮ ಹಿರಿಯರು ಮಾಡಲಿಲ್ಲ, ನಾವು ಮಾಡಬಹುದು. ದುರಸ್ತಿಗೆ ಅಂತ ಹೊಲಿಗೆ ಬಿಚ್ಚಿದಾಗ ಒಳಗಿನ ಪದರುಗಳ ಫೋಟೋ ತೆಗೆದು, ಯಾರ ಸೀರೆ, ಎಲ್ಲಿಯ ಧೋತರ, ಯಾವಾಗಿನದು ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳೋದು. ಹೊರಗಿನವರಿಗೆ ಅದು ಚಿಂದಿ. ಉಟ್ಟವರ ಹೆಸರು ಹೇಳಬಲ್ಲವರು ಇರುವವರೆಗೆ ಅದೊಂದು ವಂಶಾವಳಿ. ಬರೆದುಕೊಂಡು ಆಮೇಲೆ ಮತ್ತೆ ಹೊಲಿದು, ಹೊದ್ದುಕೊಳ್ಳಿ.

ನಿಮ್ಮ ಊರಿನ ಕಡೆ ಕೌದಿಗೆ ಏನಂತಾರೆ, ಯಾರು ಹೊಲಿಯುತ್ತಿದ್ದರು, ಮೂಲೆಗೆ ಏನು ಹಾಕ್ತಿದ್ದರು ಅನ್ನೋದನ್ನು ನೀವೂ ನಿಮ್ಮ ಪುಟಗಳಲ್ಲಿ ಬರೆಯಿರಿ. ಮಲೆನಾಡಿನವರು, ಹಳೆ ಮೈಸೂರಿನವರು, ಕರಾವಳಿಯವರು ಎಲ್ಲರೂ. ಅಂದ ಹಾಗೆ ನಮ್ಮ ಮನೆಯ ಕೌದಿಯ ಮೂಲೆಗೆ ಅವ್ವ ನನ್ನದೊಂದು ಹಳೆ ಹತ್ತಿ ಅಂಗಿಯ ತುಂಡು ಹಾಕಿದ್ದಾಳೆ. ತೇಪೆಯ ಅರ್ಧ ಹೊಲಿಗೆ ನನ್ನದು. ಸಾಲು ಸೊಟ್ಟಗಿದೆ, ಆದರೆ ತಳ ಮುಟ್ಟಿದೆ :-)